ಉಯಿಲಿಲ್ಲದ ಆಸ್ತಿ: ಜಗಳ ಹುಟ್ಟುವುದೆಲ್ಲಿ?

2002ರ ಜುಲೈ 6ರಂದು ರಿಲಯನ್ಸ್ ಸಂಸ್ಥಾಪಕ ಧೀರೂಭಾಯಿ ಅಂಬಾನಿ ಮುಂಬೈಯಲ್ಲಿ ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಷ್ಟು ದೊಡ್ಡ ಉದ್ದಿಮೆ ಕಟ್ಟಿದವರು ಹೀಗೆ ಮಾಡಿದರೇ ಎಂದು ಅಚ್ಚರಿಪಡಬೇಡಿ. ಎರಡೆಕರೆ ಗದ್ದೆಯ ಯಜಮಾನರೂ ನಮ್ಮಲ್ಲಿ ಹಾಗೆಯೇ ಹೋಗುತ್ತಾರೆ. ಬದುಕಿರುವಾಗ ಉಯಿಲಿನ ಮಾತೆತ್ತಿದರೆ ಅಪಶಕುನವಂತೆ.

ಈ ವಿಷಯಕ್ಕೆ ಹೊಸಬರಾದವರು ಮೊದಲು ಒಂದು ಸಂಗತಿ ತಿಳಿದಿರಬೇಕು. ಸತ್ತವರು ಬರೆದಿಡದಿದ್ದರೆ ಅವರ ಪರವಾಗಿ ಕಾನೂನು ಮೊದಲೇ ಬರೆದಿಟ್ಟಿರುತ್ತದೆ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇದೆ. ಮುಸ್ಲಿಮರಿಗೂ ಕ್ರೈಸ್ತರಿಗೂ ಲೆಕ್ಕ ಬೇರೆ. ಇಲ್ಲಿ ಹಿಂದೂ ಕಾಯ್ದೆಯನ್ನಷ್ಟೇ ನೋಡೋಣ.

ಗಂಡಸು ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ, ಅಂದರೆ ಸ್ವಂತ ದುಡಿಮೆಯದು, ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ಹೆಂಡತಿ, ತಾಯಿ, ಪ್ರತಿಯೊಬ್ಬ ಮಗ, ಪ್ರತಿಯೊಬ್ಬ ಮಗಳು, ಎಲ್ಲರಿಗೂ ಒಂದೊಂದು ಪಾಲು. ಮಗನೊಬ್ಬ ಮೊದಲೇ ತೀರಿಹೋಗಿದ್ದರೆ ಅವನ ಪಾಲು ಅವನ ಹೆಂಡತಿ ಮಕ್ಕಳಿಗೆ. ಹಿರಿಮಗನಿಗೆ ಹೆಚ್ಚಿಲ್ಲ, ಮದುವೆಯಾದ ಮಗಳಿಗೆ ಕಡಿಮೆಯಿಲ್ಲ. ತಾಯಿ ಮೊದಲ ವರ್ಗದಲ್ಲಿದ್ದಾಳೆ, ತಂದೆ ಇಲ್ಲ! ಇದನ್ನು ಕೇಳಿ ಬೆಚ್ಚಿಬೀಳದವರನ್ನು ನಾನು ಕಂಡಿಲ್ಲ.

ಲೆಕ್ಕ ಇಷ್ಟು ಸರಳವಾಗಿದ್ದರೆ ಜಗಳ ಏಕೆ? ಅಂಬಾನಿ ಮನೆಯನ್ನೇ ನೋಡಿ. ಪತ್ನಿ ಕೋಕಿಲಾಬೆನ್, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕಾಯ್ದೆಯ ಕಣ್ಣಲ್ಲಿ ಇವರೆಲ್ಲ ಸಮಾನರು. ಆದರೆ ಊರೆಲ್ಲ ನೋಡಿದ ಜಗಳ ಗಂಡುಮಕ್ಕಳಾದ ಮುಕೇಶ್ ಮತ್ತು ಅನಿಲ್ ನಡುವಿನದು ಮಾತ್ರ, ಯಾಕೆಂದರೆ ಅಲ್ಲಿನ ಪ್ರಶ್ನೆ ಕಂಪನಿಗಳ ಹಿಡಿತ ಯಾರ ಕೈಗೆ ಎಂಬುದು. ಕುಟುಂಬದ ಬಹುಪಾಲು ಷೇರುಗಳು ಹಲವಾರು ಹೂಡಿಕೆ ಕಂಪನಿಗಳ ಮೂಲಕ ಹೆಣೆದುಕೊಂಡಿದ್ದವು. ಇಂಥ ಕಡೆ ಯಾವುದು ಸತ್ತವರ ಆಸ್ತಿ, ಯಾವುದು ಕಂಪನಿಯದು ಎಂದು ಗೆರೆ ಎಳೆಯುವುದೇ ಕಷ್ಟ. ವಾರಸು ಕಾನೂನು ಹಂಚುವುದು ಸತ್ತವರದ್ದನ್ನು ಮಾತ್ರ. ಕೊನೆಗೆ 2005ರ ಜೂನ್ 18ರಂದು ತಾಯಿಯೇ ಪಾಲು ಪ್ರಕಟಿಸಿದರು. ರಿಲಯನ್ಸ್ ಇಂಡಸ್ಟ್ರೀಸ್ ಮುಕೇಶ್‌ಗೆ; ದೂರಸಂಪರ್ಕ, ವಿದ್ಯುತ್, ಹಣಕಾಸು ಅನಿಲ್‌ಗೆ. ಅಲ್ಲಿಗೂ ಮುಗಿಯಲಿಲ್ಲ. ಕೃಷ್ಣಾ-ಗೋದಾವರಿ ಕೊಳ್ಳದ ನೈಸರ್ಗಿಕ ಅನಿಲವನ್ನು ಅಣ್ಣ ತಮ್ಮನಿಗೆ ಯಾವ ದರಕ್ಕೆ ಕೊಡಬೇಕೆಂಬ ತಕರಾರು ಸುಪ್ರೀಂ ಕೋರ್ಟು ಮುಟ್ಟಿತು. ಮನೆಯೊಳಗಿನ ಒಪ್ಪಂದ ಕಂಪನಿಯನ್ನು ಕಟ್ಟಿಹಾಕದು, ಸರ್ಕಾರದ ನೀತಿಯೇ ಮೇಲು ಎಂದು ಕೋರ್ಟು 2010ರ ಮೇ ತಿಂಗಳಲ್ಲಿ ಹೇಳಿತು.

ನಮ್ಮ ಮನೆಗಳಲ್ಲಿ ಕಂಪನಿಗಳಿಲ್ಲ, ಪಿತ್ರಾರ್ಜಿತ, ಅಂದರೆ ಹಿರಿಯರಿಂದ ಬಂದ ಆಸ್ತಿ ಇದೆ. ಗೊಂದಲ ಮಾತ್ರ ಅದೇ ಜಾತಿಯದು: ಆಸ್ತಿಯಲ್ಲಿ ಅಪ್ಪನದು ಎಷ್ಟು? ಒಟ್ಟು ಕುಟುಂಬದ ಜಮೀನಾದರೆ ಮೊದಲು ಅಪ್ಪನ ಪಾಲನ್ನು ಬೇರ್ಪಡಿಸಿ, ಅದನ್ನು ಮಾತ್ರ ಮೇಲಿನ ಪಟ್ಟಿಯಂತೆ ಹಂಚಬೇಕು. ಉಳಿದದ್ದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. ತಿದ್ದುಪಡಿಯ ಹೊತ್ತಿಗೆ ಅಪ್ಪ ಬದುಕಿರಲೇಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಖಚಿತಪಡಿಸಿತು. ಹಾಗೆಂದು ಹಳೆಯದೆಲ್ಲವನ್ನೂ ಕೆದಕಲಾಗದು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರ ಹಾಗೇ ಉಳಿಯುತ್ತದೆ.

ಕಾಗದದ ಮೇಲೆ ಇಷ್ಟೆಲ್ಲ ಆಗಿದ್ದರೂ ತಿಥಿಯ ಮನೆಯಲ್ಲಿ ನಡೆಯುವುದೇ ಬೇರೆ. "ನಿನ್ನ ಮದುವೆಗೆ ಖರ್ಚು ಮಾಡಿದ್ದೀವಲ್ಲಮ್ಮ" ಎನ್ನುತ್ತಾರೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮದುವೆಯ ಖರ್ಚು ಪಾಲಿಗೆ ಬದಲಿಯಲ್ಲ. ತವರಿನ ನಂಟು ಉಳಿಯಲಿ ಎಂಬ ಆಸೆಗೆ ಹೆಣ್ಣುಮಕ್ಕಳು ತೆರುವ ಬೆಲೆ ಅದು ಎಂದೇ ನನ್ನ ಎಣಿಕೆ. ಇನ್ನೊಂದು ಎಡವಟ್ಟು ಪೌತಿ ಖಾತೆಯದು, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು. ಅಣ್ಣನ ಹೆಸರಿಗೆ ಪಹಣಿ ಬಂದ ಮಾತ್ರಕ್ಕೆ ಜಮೀನು ಅವನದಾಗದು. ಖಾತೆ ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಬ್ಯಾಂಕು, ಷೇರುಗಳ ನಾಮಿನಿಯೂ ಹಾಗೆಯೇ. ಅವರು ಹಣ ಕೈಗೆ ತೆಗೆದುಕೊಳ್ಳುವವರು, ಒಡೆಯರು ವಾರಸುದಾರರು.

ಹೆಂಗಸು ತೀರಿಕೊಂಡರೆ ಪಟ್ಟಿಯೇ ಬದಲಾಗುತ್ತದೆ. ಮೊದಲು ಮಕ್ಕಳು ಮತ್ತು ಗಂಡ. ಅವರ್‍ಯಾರೂ ಇಲ್ಲದಿದ್ದರೆ ಗಂಡನ ಕಡೆಯ ವಾರಸುದಾರರು. ಅವಳ ಹೆತ್ತವರು ಅವರ ನಂತರ. ಮಕ್ಕಳಿಲ್ಲದ ವಿಧವೆ ತನ್ನ ಸಂಬಳದಲ್ಲಿ ಬೆಂಗಳೂರಲ್ಲಿ ಕೊಂಡ ಫ್ಲ್ಯಾಟು ಅವಳ ತಾಯಿಗಿಂತ ಮೊದಲು ಮೈದುನನಿಗೆ ಸಿಗಬಹುದು. ಇದು ಸರಿಯಲ್ಲ, ಆದರೂ ಕಾಯ್ದೆ ಹೀಗಿದೆ. ತಂದೆತಾಯಿಯಿಂದ ಬಂದ ಆಸ್ತಿಯಾದರೆ ಮಾತ್ರ ತಂದೆಯ ಕಡೆಗೆ ಮರಳುತ್ತದೆ.

ಈ ಪಟ್ಟಿಗೊಂದು ಉದಾಹರಣೆ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ. ಮೇಲುಕೋಟೆಯಲ್ಲಿ ಹುಟ್ಟಿದ ಅವರು ಅವಿವಾಹಿತರು. 2016ರ ಡಿಸೆಂಬರ್‌ನಲ್ಲಿ ಉಯಿಲಿಲ್ಲದೆ ತೀರಿಕೊಂಡರು. ಹೆತ್ತವರೂ ಇರಲಿಲ್ಲವಾದ್ದರಿಂದ 2020ರಲ್ಲಿ ಮದ್ರಾಸ್ ಹೈಕೋರ್ಟು ಸೋದರನ ಮಕ್ಕಳನ್ನು ವಾರಸುದಾರರೆಂದು ಸಾರಿತು. ಅಷ್ಟರೊಳಗೆ ತಾನು ಅವರ ಮಗಳೆಂದು ಬೆಂಗಳೂರಿನ ಮಹಿಳೆಯೊಬ್ಬರು ಕೋರ್ಟಿಗೆ ಹೋಗಿ ಸೋತಿದ್ದರು. ಸಿರಿವಂತರು ಬರೆಯದೆ ಹೋದರೆ ನೆಂಟರು ಹೆಚ್ಚುತ್ತಾರೆ.

ಮಾತುಕತೆ ಮುರಿದರೆ ಉಳಿಯುವುದು ಪಾಲಿನ ದಾವೆ. ಮೊದಲು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟು ಎಂದು. ಆಮೇಲೆ ಅಂತಿಮ ಡಿಕ್ರಿ, ಯಾರಿಗೆ ಯಾವ ತುಂಡು ಎಂದು. ಇವೆರಡರ ನಡುವೆ ಒಂದು ತಲೆಮಾರು ಮುದಿಯಾಗುವುದುಂಟು. ಆದ್ದರಿಂದ ಸಾವಿನ ಮನೆಯಲ್ಲಿ ಅವಸರದಿಂದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮೊದಲು ವಂಶವೃಕ್ಷ, ಪಹಣಿ, ಋಣಭಾರ ಪ್ರಮಾಣಪತ್ರ ತೆಗೆಸಿ, ಯಾವ ಆಸ್ತಿ ಎಲ್ಲಿಂದ ಬಂತೆಂದು ಗುರುತಿಸಿಕೊಂಡು ವಕೀಲರ ಬಳಿ ಹೋಗಿ.

ನಿಮ್ಮ ಹೆಸರಿನಲ್ಲೇ ಆಸ್ತಿ ಇದ್ದರೆ ಉಯಿಲು ಬರೆದಿಡಿ. ಅದಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು. ಪಾಲು ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ.