ಸಿಸೇರಿಯನ್ ಆದವರಿಗೆ ಸಹಜ ಹೆರಿಗೆ: ಯಾರಿಗೆ ಸಾಧ್ಯ, ಯಾರಿಗೆ ಬೇಡ?

ಮೊದಲ ಹೆರಿಗೆ ಸಿಸೇರಿಯನ್ ಆದ ತಾಯಂದಿರು ಎರಡನೇ ಸಲ ಗರ್ಭಿಣಿಯಾದಾಗ ಕೇಳುವ ಮೊದಲ ಪ್ರಶ್ನೆ ಇದು: “ಈ ಸಲವಾದರೂ ನಾರ್ಮಲ್ ಆಗಬಹುದೇ?” ಮನೆಯಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಸಿಗುತ್ತದೆ. ಒಮ್ಮೆ ಹೊಟ್ಟೆ ಕೊಯ್ದರೆ ಮತ್ತೆ ಮತ್ತೆ ಕೊಯ್ಯಲೇಬೇಕು ಎನ್ನುವವರು ಕೆಲವರು. ನಮ್ಮ ಕಾಲದಲ್ಲಿ ಎಂಟು ಹತ್ತು ಮಕ್ಕಳನ್ನು ಮನೆಯಲ್ಲೇ ಹೆತ್ತೆವು, ಇದೆಲ್ಲ ಡಾಕ್ಟರರ ಹೆದರಿಕೆ ಎನ್ನುವವರು ಇನ್ನು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಎರಡನೆಯ ಮಾತನ್ನು ನಂಬಿದರೆ ಜೀವಕ್ಕೇ ಅಪಾಯ ಬರಬಹುದು.

ನಮ್ಮ ದೇಶದಲ್ಲಿ 2015-16ರಲ್ಲಿ ನೂರಕ್ಕೆ 17ರಷ್ಟಿದ್ದ ಸಿಸೇರಿಯನ್ ಹೆರಿಗೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 21ನ್ನು ದಾಟಿತು. ಖಾಸಗಿ ಆಸ್ಪತ್ರೆಗಳಲ್ಲಂತೂ ಹೆಚ್ಚುಕಡಿಮೆ ಅರ್ಧದಷ್ಟು ಹೆರಿಗೆಗಳು ಸಿಸೇರಿಯನ್ನೇ. ಹಾಗಾಗಿ ಈ ಪ್ರಶ್ನೆ ಇಂದು ಬಹುತೇಕ ಪ್ರತಿ ಕುಟುಂಬದ ಪ್ರಶ್ನೆಯಾಗಿದೆ.

ಹಳೆಯ ಮಾತು ಎಲ್ಲಿಂದ ಬಂತು?

ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ ಎಂಬ ಮಾತು 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ ಅವರ ಬರಹದಿಂದ ಪ್ರಚಾರಕ್ಕೆ ಬಂತು. ಆ ಕಾಲದಲ್ಲಿ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ಯುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಬಿಗಿಯುವುದು ಅದೇ ಭಾಗ. ಆದ್ದರಿಂದ ಆ ಗಾಯ ಮುಂದಿನ ಹೆರಿಗೆಯಲ್ಲಿ ಬಿಟ್ಟುಕೊಳ್ಳುವ ಭಯ ಹೆಚ್ಚಿತ್ತು. ಇಂದು ಸಾಮಾನ್ಯವಾಗಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುತ್ತಾರೆ. ಅದು ಚೆನ್ನಾಗಿ ಕೂಡಿಕೊಳ್ಳುತ್ತದೆ, ನೋವನ್ನೂ ಹೆಚ್ಚು ತಡೆದುಕೊಳ್ಳುತ್ತದೆ.

ಆದರೆ ಹೊಟ್ಟೆಯ ಚರ್ಮದ ಮೇಲಿನ ಗುರುತನ್ನು ನೋಡಿ ಒಳಗಿನ ಗಾಯ ಹೇಗಿದೆ ಎಂದು ಹೇಳಲಾಗದು. ಹೊರಗೆ ಅಡ್ಡ ಗೆರೆ ಇದ್ದರೂ ಒಳಗೆ ಉದ್ದಕ್ಕೆ ಕೊಯ್ದಿರಬಹುದು. ಅದನ್ನು ತಿಳಿಸುವುದು ಹಿಂದಿನ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ನಮ್ಮಲ್ಲಿ ಅನೇಕರು ಮಗುವಿನ ಜನನ ಪ್ರಮಾಣಪತ್ರವನ್ನು ಜೋಪಾನ ಮಾಡಿ ಈ ಚೀಟಿಯನ್ನು ಎಸೆದುಬಿಡುತ್ತಾರೆ. ಅದನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಕಳೆದುಹೋಗಿದ್ದರೆ ಆ ಆಸ್ಪತ್ರೆಗೆ ಹೋಗಿ ನಕಲು ಕೇಳಿ.

ಲಾಭವೇನು, ಅಪಾಯವೇನು?

ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದ ಒಂದೇ ಸಿಸೇರಿಯನ್ ಆದ ತಾಯಂದಿರು ತಜ್ಞರ ನಿಗಾದಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ನೂರರಲ್ಲಿ 60ರಿಂದ 80 ಮಂದಿಗೆ ಅದು ಸಾಧ್ಯವಾಗುತ್ತದೆ. ಉಳಿದವರಿಗೆ ನೋವು ಬಂದ ಮೇಲೆ ಮತ್ತೆ ಸಿಸೇರಿಯನ್ ಮಾಡಬೇಕಾಗುತ್ತದೆ. ಹಾಗೆ ತುರ್ತಾಗಿ ಮಾಡುವ ಸಿಸೇರಿಯನ್‌ನಲ್ಲಿ ಸೋಂಕು ಮತ್ತು ರಕ್ತಸ್ರಾವ ಮೊದಲೇ ದಿನ ಗೊತ್ತುಮಾಡಿದ ಸಿಸೇರಿಯನ್‌ಗಿಂತ ಹೆಚ್ಚು. ಇದನ್ನು ತಿಳಿದೇ ಮುಂದುವರಿಯಬೇಕು.

ದೊಡ್ಡ ಅಪಾಯವೆಂದರೆ ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಹರಿಯುವುದು. ಒಂದು ಸಿಸೇರಿಯನ್ ಆದವರಲ್ಲಿ ಇದು ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಆಗಬಹುದು. ಎರಡು ಸಿಸೇರಿಯನ್ ಆದವರಲ್ಲಿ ನೂರಕ್ಕೆ ಒಂದರಿಂದ ಎರಡರ ಆಸುಪಾಸು. ಸಂಖ್ಯೆ ಚಿಕ್ಕದು. ಆದರೆ ಆದಾಗ ತಾಯಿ ಮತ್ತು ಮಗುವನ್ನು ಉಳಿಸಿಕೊಳ್ಳಲು ಸಿಗುವುದು ಕೆಲವೇ ನಿಮಿಷ.

ಹಾಗಾದರೆ ಪ್ರತಿ ಸಲ ಸಿಸೇರಿಯನ್ ಮಾಡಿಸಿದರೆ ನಿಶ್ಚಿಂತೆಯೇ? ಅದೂ ಅಲ್ಲ. ಪ್ರತಿ ಶಸ್ತ್ರಕ್ರಿಯೆಯಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೂತ್ರಕೋಶಕ್ಕೆ ಗಾಯವಾಗುವ ಸಂಭವ ಹೆಚ್ಚುತ್ತದೆ. ಎಲ್ಲಕ್ಕಿಂತ ಭಯಪಡಬೇಕಾದದ್ದು, ಮಾಸು ಕೆಳಗೆ ಬಂದು ಹಳೆಯ ಗಾಯದೊಳಗೆ ಬೇರುಬಿಡುವುದು. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿರುವ ಗರ್ಭಿಣಿಯರಲ್ಲಿ ಹೀಗಾಗುವುದು ಎರಡನೇ ಸಿಸೇರಿಯನ್ ವೇಳೆಗೆ ನೂರಕ್ಕೆ ಸುಮಾರು 11, ಮೂರನೆಯದರ ವೇಳೆಗೆ ಸುಮಾರು 40. ಆಗ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾದೀತು. ಮೂರು ನಾಲ್ಕು ಮಕ್ಕಳು ಬೇಕೆಂದು ಬಯಸುವ ಕುಟುಂಬಗಳು ಈ ಲೆಕ್ಕವನ್ನು ಎರಡನೇ ಹೆರಿಗೆಯ ಮೊದಲೇ ವೈದ್ಯರೊಂದಿಗೆ ಕೂತು ಮಾಡಬೇಕು.

ಯಾರಿಗೆ ಸಾಧ್ಯ?

ಇಬ್ಬರು ಅಕ್ಕತಂಗಿಯರನ್ನು ಊಹಿಸಿಕೊಳ್ಳಿ. ಅಕ್ಕನ ಮೊದಲ ಮಗು ಕಾಲು ಕೆಳಗಾಗಿ ಇದ್ದುದರಿಂದ ಸಿಸೇರಿಯನ್ ಆಯಿತು. ಈಗ ಮೂರು ವರ್ಷ ಕಳೆದಿದೆ, ಈ ಮಗುವಿನ ತಲೆ ಕೆಳಗಿದೆ, ಬಿ.ಪಿ., ಸಕ್ಕರೆ ಹದದಲ್ಲಿವೆ. ಹಿಂದಿನ ಕಾರಣ ಈಗ ಇಲ್ಲ. ಇವಳು ಪ್ರಯತ್ನಿಸಬಹುದು. ಮೊದಲು ಒಮ್ಮೆ ಸಹಜ ಹೆರಿಗೆಯೂ ಆಗಿದ್ದರೆ ಯಶಸ್ಸಿನ ಭರವಸೆ ಇನ್ನೂ ಹೆಚ್ಚು.

ತಂಗಿಗೆ ಎರಡು ಸಿಸೇರಿಯನ್ ಆಗಿದೆ. ಎರಡು ಸಲವೂ ನೋವು ಬಂದು ಹೆರಿಗೆ ಮುಂದುವರಿಯಲಿಲ್ಲ. ಕೊನೆಯ ಮಗುವಿಗೆ ಹತ್ತು ತಿಂಗಳಾಗುವಾಗಲೇ ಮತ್ತೆ ಗರ್ಭಿಣಿಯಾಗಿದ್ದಾಳೆ. ರಕ್ತಹೀನತೆಯೂ ಇದೆ. ಎರಡು ಸಿಸೇರಿಯನ್ ಆದ ಕೆಲವರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ತಜ್ಞರು ಪ್ರಯತ್ನಕ್ಕೆ ಒಪ್ಪುವುದುಂಟು. ಆದರೆ ತಂಗಿಯ ಸ್ಥಿತಿಯಲ್ಲಿ ದಿನ ಗೊತ್ತುಮಾಡಿದ ಸಿಸೇರಿಯನ್ನೇ ಕ್ಷೇಮ. ಅಕ್ಕನಿಗೆ ಆಯಿತು, ನಿನಗೇಕೆ ಆಗದು ಎಂದು ಮನೆಯವರು ಅವಳನ್ನು ಚುಚ್ಚಬಾರದು.

ಕೆಳಗಿನವರು ಸಹಜ ಹೆರಿಗೆಗೆ ಪ್ರಯತ್ನಿಸಲೇಬಾರದು:

• ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಕೊಯ್ದಿದ್ದರೆ
• ಹಿಂದೆ ಒಮ್ಮೆ ಗರ್ಭಕೋಶ ಹರಿದಿದ್ದರೆ
• ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ
• ಮಗು ಅಡ್ಡಲಾಗಿದ್ದರೆ

ಗಡ್ಡೆ ತೆಗೆಯಲು ಗರ್ಭಕೋಶಕ್ಕೆ ಶಸ್ತ್ರಕ್ರಿಯೆ ಆಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಮೂರು ಅಥವಾ ಹೆಚ್ಚು ಸಿಸೇರಿಯನ್ ಆದವರಿಗೆ ಸಾಮಾನ್ಯವಾಗಿ ಈ ಪ್ರಯತ್ನವನ್ನು ಸಲಹೆ ಮಾಡುವುದಿಲ್ಲ.

ಅಂತರ ಮುಖ್ಯ

ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದರೆ ಹೊಲಿಗೆ ಬಿಡುವ ಅಪಾಯ ಏರುತ್ತದೆ. ಮಗುವಿಗೆ ಪೂರ್ಣ ಎರಡು ವರ್ಷ ಹಾಲುಣಿಸುವ ವಿಷಯ ಕುರ್‌ಆನ್‌ನಲ್ಲಿರುವುದು ನಮಗೆಲ್ಲ ಗೊತ್ತು. ಆ ಅವಧಿ ತಾಯಿಯ ಗಾಯಕ್ಕೂ ವಿಶ್ರಾಂತಿ. ಆದರೆ ಹಾಲುಣಿಸುವುದರಿಂದಲೇ ಗರ್ಭ ನಿಲ್ಲುವುದಿಲ್ಲ ಎಂದು ನಂಬಿ ಕೂರಬೇಡಿ. ಅಂತರ ಕಾಪಾಡುವ ವಿಧಾನವನ್ನು ಗಂಡಹೆಂಡಿರಿಬ್ಬರೂ ಕೂಡಿಯೇ ವೈದ್ಯರಲ್ಲಿ ಕೇಳಿ.

ಕಷಾಯ, ಹರಳೆಣ್ಣೆ ಬೇಡ

ಇದನ್ನು ಯುನಾನಿ ವೈದ್ಯಶಾಸ್ತ್ರ ಓದಿದವನಾಗಿಯೇ ಒತ್ತಿ ಹೇಳುತ್ತೇನೆ. ನಮ್ಮ ಗ್ರಂಥಗಳಲ್ಲಿ ‘ಮುದಿರ್ರೆ ಹೈಝ್’ ಎಂಬ ಗುಂಪಿನ ಮದ್ದುಗಳಿವೆ. ಮುಟ್ಟನ್ನು ಹರಿಸುವ, ಗರ್ಭಕೋಶವನ್ನು ಕೆರಳಿಸುವ ಮದ್ದುಗಳು ಅವು. ದಿನ ತುಂಬಿದ ಮೇಲೆ ನೋವು ಬರಿಸಲು ಇಂಥವನ್ನು, ಮೆಂತ್ಯದ ಗಟ್ಟಿ ಕಷಾಯವನ್ನು, ಹರಳೆಣ್ಣೆಯನ್ನು ಕುಡಿಸುವ ರೂಢಿ ಕೆಲವು ಮನೆಗಳಲ್ಲಿದೆ. ಗರ್ಭಕೋಶದಲ್ಲಿ ಹಳೆಯ ಗಾಯವಿರುವವರಿಗೆ ಇದು ಬೇಡವೇ ಬೇಡ. ಮನೆಯಲ್ಲಿ ನೋವು ಹೆಚ್ಚಿಸುವ ಇಂಜೆಕ್ಷನ್ ಹಾಕಿಸುವುದು, ಹೊಟ್ಟೆಯನ್ನು ಒತ್ತಿ ತಿಕ್ಕಿಸುವುದು ಇನ್ನೂ ಅಪಾಯ. ಆಸ್ಪತ್ರೆಯಲ್ಲೂ ಇಂಥವರಿಗೆ ನೋವು ಬರಿಸುವ ಮದ್ದನ್ನು ತಜ್ಞರು ಅಳೆದು ತೂಗಿಯೇ ಕೊಡುತ್ತಾರೆ. ಕೆಲವು ಮಾತ್ರೆಗಳನ್ನು ಕೊಡುವುದೇ ಇಲ್ಲ.

ಯುನಾನಿಯ ನೆರವು ಬೇಕಾದದ್ದು ಮೊದಲಿನ ತಿಂಗಳುಗಳಲ್ಲಿ: ಹದವಾದ ಆಹಾರ, ಮಲಬದ್ಧತೆ ಆಗದಂತೆ ಎಚ್ಚರ, ದಿನವೂ ನಡಿಗೆ, ತೂಕದ ಮೇಲೆ ಹಿಡಿತ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಇದೆ ಎಂದರ್ಥ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡಬೇಡಿ. ಖರ್ಜೂರ ತಿನ್ನಬಹುದು, ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಕೇಳಿಕೊಂಡು ತಿನ್ನಲಿ.

ಎಲ್ಲಿ ಹೆರಿಗೆ?

ಮನೆಯಲ್ಲಿ ಖಂಡಿತ ಬೇಡ. ಫೋನ್ ಮಾಡಿದ ಮೇಲೆ ಡಾಕ್ಟರ್ ಬರುವ ಸಣ್ಣ ನರ್ಸಿಂಗ್ ಹೋಂನಲ್ಲೂ ಬೇಡ. ಆಪರೇಷನ್ ಥಿಯೇಟರ್, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು, ರಕ್ತ, ಈ ನಾಲ್ಕೂ ಹಗಲು ರಾತ್ರಿ ಸಿಗುವ ಕಡೆ ಮಾತ್ರ ಪ್ರಯತ್ನಿಸಬೇಕು. ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿ ಗೋಷನ್‌ನಂಥ ದೊಡ್ಡ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಉಚಿತ. ಖರ್ಚಿನ ಭಯದಿಂದ ಮನೆಯಲ್ಲಿ ಉಳಿಯಬೇಕಾಗಿಲ್ಲ.

ಎಂಟನೇ ತಿಂಗಳಿನ ಒಳಗೆ ವೈದ್ಯರಲ್ಲಿ ಇಷ್ಟನ್ನು ಕೇಳಿ: ನನ್ನ ಹಳೆಯ ಗಾಯ ಯಾವ ಬಗೆಯದು? ಮಾಸು ಎಲ್ಲಿದೆ? ನೋವಿನ ಹೊತ್ತಿನಲ್ಲಿ ಮಗುವಿನ ಹೃದಯ ಬಡಿತವನ್ನು ಬಿಡದೆ ನೋಡುತ್ತೀರಾ? ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಬೇಕಾದರೆ ಯಾರಿರುತ್ತಾರೆ? ಲೇಡಿ ಡಾಕ್ಟರೇ ಬೇಕೆಂಬ ಆಸೆಯಿದ್ದರೆ ಅದನ್ನೂ ಆಗಲೇ ತಿಳಿಸಿ. ಜೀವ ಅಪಾಯದಲ್ಲಿರುವಾಗ ಮಾತ್ರ ಆ ಕಾರಣಕ್ಕೆ ಒಂದು ನಿಮಿಷವೂ ತಡಮಾಡಬೇಡಿ. ಪ್ರಾಣ ಉಳಿಸುವ ಅನಿವಾರ್ಯತೆಗೆ ನಮ್ಮ ಧರ್ಮದಲ್ಲಿ ರಿಯಾಯಿತಿ ಇದೆ.

ನೋವು ಶುರುವಾದ ಕೂಡಲೇ, ಅಥವಾ ನೀರು ಒಡೆದ ಕೂಡಲೇ ಹೊರಡಿ. ಎರಡು ನೋವುಗಳ ನಡುವೆಯೂ ಹಳೆಯ ಹೊಲಿಗೆಯ ಜಾಗದಲ್ಲಿ ಬಿಡದೆ ನೋಯುವುದು, ರಕ್ತ ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ತಲೆಸುತ್ತಿ ಬೆವರುವುದು, ಬರುತ್ತಿದ್ದ ನೋವು ಹಠಾತ್ತನೆ ನಿಂತುಬಿಡುವುದು, ಇವು ಅಪಾಯದ ಸೂಚನೆಗಳು. ಆಗ ಯಾರ ಅಪ್ಪಣೆಗೂ ಕಾಯದೆ 108ಕ್ಕೆ ಕರೆ ಮಾಡಿ.

ಗಂಡಂದಿರಿಗೂ ಅತ್ತೆಯಂದಿರಿಗೂ ಒಂದು ಮಾತು. ಸಿಸೇರಿಯನ್ ಆದವಳು ತಾಯ್ತನದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಅವಳ ಜೊತೆ ತಪಾಸಣೆಗೆ ಹೋಗಿ, ವೈದ್ಯರ ಮಾತನ್ನು ನೀವೂ ಕೇಳಿಸಿಕೊಳ್ಳಿ, ನಿರ್ಧಾರದಲ್ಲಿ ಅವಳ ಮಾತಿಗೆ ಮೊದಲ ಸ್ಥಾನ ಕೊಡಿ. ಹೆರಿಗೆ ಹೇಗಾಯಿತು ಎನ್ನುವುದಕ್ಕಿಂತ ತಾಯಿ ಮತ್ತು ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರೇ ಎನ್ನುವುದೇ ಮುಖ್ಯ. ಅಲ್ಲಾಹನು ಎಲ್ಲ ತಾಯಂದಿರಿಗೂ ಸುಖಪ್ರಸವವನ್ನು ಕರುಣಿಸಲಿ.