ದೀರ್ಘ ಸಂದರ್ಶನವನ್ನು ನೋಡುವ ಬಗೆ

ದೀರ್ಘ ಸಂದರ್ಶನದ ಜೀವಾಳ ಮರುಪ್ರಶ್ನೆ. ಐದು ನಿಮಿಷದ ಮಾತಿನಲ್ಲಿ ರಾಜಕಾರಣಿ ಸಿದ್ಧ ಉತ್ತರ ಕೊಟ್ಟು ಪಾರಾಗಬಹುದು. ಗಂಟೆಗಟ್ಟಲೆ ಎದುರು ಕೂತಾಗ ಅದು ಕಷ್ಟ. 1977ರಲ್ಲಿ ಬ್ರಿಟನ್ನಿನ ಟಿವಿ ಸಂದರ್ಶಕ ಡೇವಿಡ್ ಫ್ರಾಸ್ಟ್ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನು 28 ಗಂಟೆಗೂ ಹೆಚ್ಚು ಕಾಲ ಮಾತನಾಡಿಸಿದರು. ತಮ್ಮ ರಾಜೀನಾಮೆಗೆ ಕಾರಣವಾಗಿದ್ದ ವಾಟರ್‌ಗೇಟ್ ಹಗರಣದ ಪ್ರಶ್ನೆಗಳಿಂದ ನಿಕ್ಸನ್ ಮೊದಮೊದಲು ಜಾರಿಕೊಂಡರು. ಫ್ರಾಸ್ಟ್ ಅವರ ತಂಡ ಶ್ವೇತಭವನದ ಧ್ವನಿಮುದ್ರಣಗಳ ಲಿಖಿತ ಪ್ರತಿಗಳನ್ನು ಜಾಲಾಡಿಟ್ಟಿತ್ತು. ದಿನಾಂಕ ಸಮೇತ ನಿಕ್ಸನ್ ಅವರದೇ ಮಾತುಗಳನ್ನು ಓದಿ ಹೇಳಿದಾಗ ಪಟ್ಟು ಸಡಿಲವಾಯಿತು. ದೇಶದ ಜನರ ನಂಬಿಕೆಗೆ ತಾವು ಕುಂದು ತಂದದ್ದನ್ನು ನಿಕ್ಸನ್ ಒಪ್ಪಿಕೊಂಡರು. ಬರೀ ಗಟ್ಟಿ ದನಿಯಿಂದ ಇದು ಆಗುವ ಕೆಲಸವಲ್ಲ.

ಹಾಗಾಗಿ ಸಂದರ್ಶಕರು ಓದಿಕೊಂಡು ಬಂದಿದ್ದಾರೆಯೇ, ಉತ್ತರ ಸಿಗದ ಪ್ರಶ್ನೆಗೆ ಮರಳುತ್ತಾರೆಯೇ ಎಂಬುದನ್ನು ನೋಡುಗರು ಮೊದಲು ಗಮನಿಸಬೇಕು. ಸಂದರ್ಶನದ ಕರಾರನ್ನೂ ತಿಳಿದಿರಬೇಕು: ನಿಕ್ಸನ್ ಅವರಿಗೆ 6 ಲಕ್ಷ ಡಾಲರ್ ಸಂಭಾವನೆಯ ಜೊತೆಗೆ ಲಾಭದಲ್ಲಿ ಪಾಲೂ ಇತ್ತು. ಸಂಕಲನವಾದ ಸಂದರ್ಶನದಲ್ಲಿ ಕತ್ತರಿ ಬಿದ್ದ ಭಾಗವೇ ದೊಡ್ಡದಿರಬಹುದು. ಪೂರ್ಣ ಪಠ್ಯ ಸಿಕ್ಕರೆ ಓದುವುದು ಮೇಲು. ರಾಜಕೀಯದಾಚೆ, ಆರ್ಥಿಕತೆ, ತಂತ್ರಜ್ಞಾನದ ಮಾತುಕತೆಗಳಲ್ಲಿ ಮಾತನಾಡುವವರ ಹಣ ಎಲ್ಲಿ ಹೂಡಿಕೆಯಾಗಿದೆ, ಅವರು ಹೇಳುವ ಶೇಕಡಾವಾರು ಯಾವ ವರ್ಷಕ್ಕೆ ಹೋಲಿಸಿದ್ದು ಎಂಬೆರಡನ್ನು ಕೇಳಿಕೊಳ್ಳಬೇಕು.