ಕೌದಿಗೂ ಮಜೂರಿ ಉಂಟು

ಮಗಳ ಬಿ.ಇ. ಮುಗಿಯುತ್ತಿದ್ದಂತೆ ಅವಳಿಗೆ ಕೌದಿ ಹೊಲಿದು ಕೊಡಲೆಂದು ಹಳೆಯ ಸೀರೆಗಳ ಗಂಟು ಬಿಚ್ಚಿ ಕುಳಿತೆ. ಮೈದುನ ನಕ್ಕ: ‘ವೈನಿ, ರೊಕ್ಕ ಉಳಸಾಕ ಹತ್ತೀರೇನ್ರಿ?’

ರೊಕ್ಕ ಉಳಿಸಬೇಕೆನ್ನುವವರು ಕೌದಿ ಹೊಲಿಯಬಾರದು. ಅರಿವೆಗೆ ಖರ್ಚಿಲ್ಲ, ನಿಜ. ಮೇಲಿನ ಪದರಿಗೆ ಅತ್ತೆಯವರ ಇಳಕಲ್ ಸೀರೆ, ಒಳಗೆ ಅಪ್ಪನ ಧೋತರ, ನನ್ನ ಕಾಟನ್ ಸೀರೆಗಳು. ಸವೆದಷ್ಟೂ ಮೆತ್ತಗೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ. ದಾರ, ಸೂಜಿ, ಅಂಚಿಗೆ ಹೊಸ ಬಟ್ಟೆ ಸೇರಿ ಆರುನೂರು ರೂಪಾಯಿ ದಾಟಲಿಲ್ಲ. ಮೈದುನನ ಲೆಕ್ಕ ಅಲ್ಲಿಗೇ ನಿಂತಿತ್ತು. ನನ್ನದು ಅಲ್ಲಿಂದ ಶುರು.

ಇಡೀ ಕೌದಿಯ ಮೇಲೆ ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುವುದು ಕೂಲಿ ಕೆಲಸವೇ. 2025-26ರಲ್ಲಿ ನರೇಗಾದಡಿ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಇಪ್ಪತ್ತು ದಿನದ ಕೆಲಸ ಎಂದು ಹಿಡಿದರೂ 7,400 ಆಯಿತು. ಕಸುಬಿನ ಬೆಲೆ ಇದರಲ್ಲಿ ಇನ್ನೂ ಸೇರಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಸುತ್ತುತ್ತ ನಡುವಿಗೆ ಬಂದು ಹೊಲಿಯುವ ‘ಕವಂದಿ’ ಎಂಬ ಕೌದಿಗಳು ಪ್ರದರ್ಶನಗಳಿಗೆ ಹೋಗುತ್ತವೆ, ಅಲ್ಲಿ ಹೇಳಿದ ಬೆಲೆ ಕೊಡುತ್ತೇವೆ. ಓಣಿಗೆ ಬಂದು ‘ಕೌದಿ ಹೊಲಸ್ತೀರೇನ್ರೆವಾ’ ಎಂದು ಕೂಗುವವಳ ಜೊತೆ ಮಾತ್ರ ಐವತ್ತು ರೂಪಾಯಿಗೆ ಚೌಕಾಸಿ. ಮನೆಯವರೇ ಹೊಲಿದರಂತೂ ಮಜೂರಿ ಸೊನ್ನೆ.

ಅದೇ ಬಂಗಾರದಂಗಡಿಯಲ್ಲಿ ನೋಡಿ. ಒಂದು ಜೊತೆ ಬೆಂಡೋಲೆಗೆ ವೇಸ್ಟೇಜು, ಮೇಕಿಂಗ್ ಚಾರ್ಜು, ಮೇಲೆ 3% ಜಿಎಸ್‌ಟಿ. ಯಾರೂ ತುಟಿ ಪಿಟ್ಟೆನ್ನುವುದಿಲ್ಲ. ಮಾರಲು ಹೋದ ದಿನ ಮೂರರಲ್ಲಿ ಒಂದೂ ಹಿಂದಿರುಗದು.

ಬೆಂಡೋಲೆಗೆಂದು ತೆಗೆದಿಟ್ಟಿದ್ದ ಮೂವತ್ತು ಸಾವಿರ ಹಾಗೇ ಇತ್ತು. ಅದನ್ನು ಮಗಳ ಬ್ಯಾಂಕ್ ಖಾತೆಗೆ ಹಾಕಿ, ಅವಳ ಕೈಯಿಂದಲೇ ಪಿಪಿಎಫ್ ತೆರೆಸಿದೆ. ತಂದೆ-ತಾಯಿ ಮಕ್ಕಳಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಮಗುವಿಗೆ 18 ತುಂಬಿದ ಮೇಲೆ ಆ ಹಣದ ಗಳಿಕೆಯೂ ಅವರದೇ ಲೆಕ್ಕ, ನಮ್ಮ ಆದಾಯಕ್ಕೆ ಸೇರುವುದಿಲ್ಲ. ಪಿಪಿಎಫ್‌ಗೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಬೇಕು, ಅವಧಿ 15 ವರ್ಷ. ಮೊದಲ ಪಗಾರದ ಹೊತ್ತಿಗೇ ಉಳಿಸುವ ಖಾತೆಯೊಂದು ಇದ್ದರೆ, ದುಡ್ಡು ಎಲ್ಲಿ ಹೋಯಿತು ಎಂದು ತಿಂಗಳ ಕೊನೆಗೆ ಹುಡುಕುವುದು ಸ್ವಲ್ಪವಾದರೂ ತಪ್ಪೀತು.

ಮಗಳಿಗೆ ಪಾಸ್‌ಬುಕ್ಕಿಗಿಂತ ಕೌದಿಯದೇ ಚಿಂತೆ. ‘ಅವ್ವಾ, ಪಿಜಿಯ ವಾಷಿಂಗ್ ಮಷೀನಿನ್ಯಾಗ ಇದು ಹಿಡಿಯಂಗಿಲ್ಲ. ಲಾಂಡ್ರಿಯವ್ರು ಕಿಲೋ ಲೆಕ್ಕ ಹಾಕ್ತಾರ’ ಎಂದಳು. ಒಗೆಯಲು ಊರಿಗೇ ಹೊತ್ತು ತಾ ಎಂದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೇಗೂ ಟಿಕೆಟ್ಟಿನ ದುಡ್ಡಿಲ್ಲ.